ಅಗ್ನಿಶಿಖೆ: ಹೂವು ಚೆಂದ, ಗೆಡ್ಡೆ ವಿಷ



ಸಂಘದ ಸಭೆಯಲ್ಲಿ ಉಳಿತಾಯ, ಸಾಲ, ಮರುಪಾವತಿ ಲೆಕ್ಕ ಮುಗಿದ ಮೇಲೆ ಆರೋಗ್ಯದ ಒಂದು ವಿಷಯ ಓದಿ ಚರ್ಚಿಸುವುದು ನಮ್ಮ ರೂಢಿ. ಈ ಸಲದ ಪಾಠ ಒಂದು ಕಾಡುಬಳ್ಳಿಯ ಮೇಲೆ. ಮಳೆಗಾಲದಲ್ಲಿ ಗುಡ್ಡದ ಕುರುಚಲು ಕಾಡಿನಲ್ಲಿ, ಕಂಟಿಯ ಒಳಗೆ, ಹೊಲದ ಬದುವಿನ ಬೇಲಿಯ ಮೇಲೆ ಬೆಂಕಿಯ ನಾಲಿಗೆಯಂತೆ ಅರಳುವ ಹೂವನ್ನು ಕಮಲಾಪುರ ಕಡೆಯ ಅನೇಕರು ನೋಡಿರುತ್ತೀರಿ. ಕಲಬುರಗಿ ಶಹರದಲ್ಲಿರುವವರು ಹೂವು ನೋಡಿರಲಿಕ್ಕಿಲ್ಲ. ಆದರೆ ಅದರ ಗೆಡ್ಡೆ ಒಣಗಿ, ತುಂಡಾಗಿ, ಪುಡಿಯಾಗಿ ಸಂತೆಯಲ್ಲಿ ಕೂತು ಬೇರು ಮಾರುವವರ ಚೀಲದಿಂದ ನಿಮ್ಮ ಮನೆಗೂ ಬರಬಹುದು. ಹಳ್ಳಿಯವರಿಗೆ ಬಳ್ಳಿಯ ಗುರುತು ಬೇಕು, ಶಹರದವರಿಗೆ ಪುಡಿಯ ಬಗ್ಗೆ ಎಚ್ಚರ ಬೇಕು. ಅದಕ್ಕೇ ಈ ಪಾಠ ಇಬ್ಬರಿಗೂ.

ಪಾಠದ ಸಾರ ಮೊದಲೇ ಹೇಳಿಬಿಡುತ್ತೇವೆ. ಈ ಗೆಡ್ಡೆಯಲ್ಲಿ ಔಷಧ ಬೇರೆ, ವಿಷ ಬೇರೆ ಇಲ್ಲ. ಎರಡೂ ಒಂದೇ ವಸ್ತು. ಎಷ್ಟು ಕೊಟ್ಟರೆ ಔಷಧ, ಎಷ್ಟು ಕೊಟ್ಟರೆ ವಿಷ ಎಂಬುದನ್ನು ಮನೆಯಲ್ಲಿ ಕೈಯಳತೆಯಿಂದ ಹೇಳಲು ಯಾರಿಗೂ ಆಗುವುದಿಲ್ಲ. ಆದ್ದರಿಂದ ಇದನ್ನು ಹೊಟ್ಟೆಗೆ ತೆಗೆದುಕೊಳ್ಳಬಾರದು, ಯಾರಿಗೂ ಕೊಡಬಾರದು.

1. ಬಳ್ಳಿಯನ್ನು ಗುರುತಿಸುವುದು ಹೇಗೆ?

ಮೊದಲ ಮಳೆ ಬಿದ್ದ ಮೇಲೆ ನೆಲದೊಳಗಿನ ಗೆಡ್ಡೆಯಿಂದ ಬಳ್ಳಿ ಏಳುತ್ತದೆ. ಪಕ್ಕದ ಗಿಡ, ಮುಳ್ಳುಕಂಟಿ ಹಿಡಿದು ಮೇಲೆ ಹತ್ತುತ್ತದೆ. ಇದರ ದೊಡ್ಡ ಗುರುತು ಎಲೆಯ ತುದಿ. ಬೇರೆ ಬಳ್ಳಿಗಳಲ್ಲಿ ಹಿಡಿಯುವ ತಂತು ಬೇರೆಯಾಗಿ ಇರುತ್ತದೆ. ಇದರಲ್ಲಿ ಉದ್ದನೆಯ ಎಲೆಯ ತುದಿಯೇ ಸುರುಳಿ ಸುತ್ತಿಕೊಂಡು ತಂತುವಿನ ಕೆಲಸ ಮಾಡುತ್ತದೆ.

ಹೂವಿಗೆ ಆರು ಎಸಳು. ಅಂಚು ಅಲೆ ಅಲೆಯಾಗಿ ಮೇಲಕ್ಕೆ ಮಡಚಿಕೊಂಡಿರುತ್ತದೆ. ಮೊದಲು ಹಸಿರು, ಆಮೇಲೆ ಬುಡ ಹಳದಿ ತುದಿ ಕೆಂಪು, ಕೊನೆಗೆ ಪೂರಾ ಕೆಂಪು. ಮಳೆಗಾಲದ ನಡುವೆ, ಗೌರಿ ಹಬ್ಬದ ಆಸುಪಾಸು ಅರಳುತ್ತದೆ. ಕಾಯಿ ಒಣಗಿ ಬಿರಿದರೆ ಒಳಗೆ ಕೆಂಪು ಬಣ್ಣದ ಗುಂಡು ಬೀಜಗಳು ಕಾಣುತ್ತವೆ.

ಮಳೆ ಹೋದ ಮೇಲೆ ಬಳ್ಳಿ ಒಣಗಿ ಬಿದ್ದುಹೋಗುತ್ತದೆ. ಗೆಡ್ಡೆ ಮಾತ್ರ ನೆಲದೊಳಗೆ ಜೀವಂತ ಇರುತ್ತದೆ. ಅದು ನೇಗಿಲಿನ ಹಾಗೆ ಎರಡು ಕವಲಾಗಿ ಬಾಗಿರುತ್ತದೆ. ಬೇಸಿಗೆಯಲ್ಲಿ ಹೊಲ ಅಗೆಯುವಾಗ ಮೇಲೆ ಬಳ್ಳಿ ಇಲ್ಲದೆ ಬರೀ ಗೆಡ್ಡೆ ಸಿಕ್ಕರೆ, ಅದು ಯಾವುದರ ಗೆಡ್ಡೆ ಎಂದು ತಿಳಿಯುವುದೇ ಇಲ್ಲ. ಅಪಾಯ ಅಲ್ಲಿಯೇ ಇದೆ.

ಬಳ್ಳಿಯ ಎಲ್ಲಾ ಭಾಗದಲ್ಲೂ ವಿಷ ಇದೆ. ಗೆಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ದನ, ಕುರಿ, ಆಡುಗಳಿಗೂ ಇದು ವಿಷವೇ.

2. ಹೆಸರುಗಳೇ ಎಚ್ಚರಿಕೆ ಕೊಡುತ್ತವೆ

ಕನ್ನಡದಲ್ಲಿ ಇದಕ್ಕೆ ಅಗ್ನಿಶಿಖೆ, ಗೌರಿ ಹೂವು, ಶಿವಶಕ್ತಿ, ಕೋಳಿಕುಟುಮ ಎಂದು ಊರಿಗೊಂದು ಹೆಸರು. ಸಂಸ್ಕೃತದಲ್ಲಿ ಲಾಂಗಲಿ ಎನ್ನುತ್ತಾರೆ. ಲಾಂಗಲ ಎಂದರೆ ನೇಗಿಲು. ಗೆಡ್ಡೆಯ ಆಕಾರ ನೋಡಿ ಇಟ್ಟ ಹೆಸರು ಅದು. ಸಂಸ್ಕೃತದಲ್ಲೇ ಇನ್ನೊಂದು ಹೆಸರಿದೆ: ಗರ್ಭಪಾತಿನಿ. ಅಂದರೆ ಬಸಿರು ಬೀಳಿಸುವಂಥದ್ದು. ನಮ್ಮ ಜಿಲ್ಲೆಯ ಪಕ್ಕದ ಮರಾಠಿಯಲ್ಲಿ ಕಳಲಾವಿ, ಅಂದರೆ ಹೆರಿಗೆ ಬೇನೆ ತರಿಸುವಂಥದ್ದು. ಹಿಂದಿಯಲ್ಲಿ ಕಲಿಹಾರಿ.

ತೆಲುಗಿನಲ್ಲಿ ಅಡವಿ ನಾಭಿ ಎನ್ನುತ್ತಾರೆ. ಈ ಹೆಸರಿನಿಂದ ಒಂದು ಗೊಂದಲ ಆಗುತ್ತದೆ. ವತ್ಸನಾಭಿ ಅಥವಾ ಬಚನಾಗ್ ಎಂಬುದು ಬೇರೆಯೇ ಗಿಡ. ಅದು ಹಿಮಾಲಯದ ಎತ್ತರದ ಬೆಟ್ಟಗಳಲ್ಲಿ ಬೆಳೆಯುತ್ತದೆ, ಅದರ ಬೇರು ಗ್ರಂಥಿಗೆ ಅಂಗಡಿಗಳಿಗೆ ಬರುತ್ತದೆ. ಅದೂ ಘೋರ ವಿಷವೇ. ತಿಂದರೆ ಸ್ವಲ್ಪ ಹೊತ್ತಿನಲ್ಲೇ ತುಟಿ, ನಾಲಿಗೆ ಜುಮುಗುಟ್ಟುತ್ತದೆ, ಎದೆಬಡಿತ ತಪ್ಪುತ್ತದೆ. ಅಗ್ನಿಶಿಖೆಯ ವಿಷ ನಿಧಾನ, ವತ್ಸನಾಭಿಯ ವಿಷ ಬೇಗ. ಗುಜರಾತಿ ಭಾಷೆಯಲ್ಲಿ ಅಗ್ನಿಶಿಖೆಗೂ ವಛನಾಗ ಎಂಬ ಹೆಸರೇ ಸೇರಿಕೊಂಡಿದೆ. ಮೂರು ನಾಲ್ಕು ಭಾಷೆ ಬೆರೆತ ನಮ್ಮ ಸೀಮೆಯಲ್ಲಿ "ನಾಭಿ ಕೊಡ್ರಿ" ಎಂದರೆ ಮಾರುವವನು ಏನು ಕೊಟ್ಟ, ತಂದವಳು ಏನು ತಿಳಿದಳು ಎಂದು ಹೇಳಲು ಬರುವುದಿಲ್ಲ. ಹೆಸರು ನಂಬಿ ಬೇರು ಕೊಳ್ಳಬಾರದು ಎನ್ನುವುದು ಅದಕ್ಕೇ.

ಇದೇ ಹೂವು ತಮಿಳುನಾಡಿನ ರಾಜ್ಯ ಪುಷ್ಪ, ಆಫ್ರಿಕಾದ ಜಿಂಬಾಬ್ವೆ ದೇಶದ ರಾಷ್ಟ್ರೀಯ ಹೂವು. ನೋಡಲು ಅಷ್ಟು ಚೆಂದ. ನೋಡುವುದಕ್ಕೆ ಅಡ್ಡಿಯಿಲ್ಲ. ಕಿತ್ತು ಬೆಂಕಿ ಹಚ್ಚಬೇಕೆಂದೂ ನಾವು ಹೇಳುತ್ತಿಲ್ಲ.

3. ಒಂದೇ ವಸ್ತು ಔಷಧವೂ ವಿಷವೂ ಆಗುವುದು ಹೇಗೆ?

ಗೆಡ್ಡೆಯಲ್ಲಿರುವ ಮುಖ್ಯ ವಸ್ತುವಿನ ಹೆಸರು ಕೋಲ್ಚಿಸಿನ್. ಯುರೋಪಿನಲ್ಲಿ ಬೆಳೆಯುವ ಕೋಲ್ಚಿಕಮ್ ಎಂಬ ಗಿಡದಿಂದ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು, ಪೆಲೆಟಿಯೇ ಮತ್ತು ಕವೆಂತೂ, 1820ರಲ್ಲಿ ಇದನ್ನು ಬೇರ್ಪಡಿಸಿದರು. ನಮ್ಮ ಅಗ್ನಿಶಿಖೆಯಲ್ಲೂ ಅದೇ ವಸ್ತು ಇದೆ. ಕಾಲಿನ ಹೆಬ್ಬೆರಳ ಸಂಧಿ ಕೆಂಪಾಗಿ ಊದಿ, ಹೊದಿಕೆ ತಾಗಿದರೂ ತಡೆಯದಷ್ಟು ನೋಯುವ ಗೌಟ್ ಎಂಬ ರೋಗಕ್ಕೆ ಡಾಕ್ಟರು ಇಂದಿಗೂ ಕೋಲ್ಚಿಸಿನ್ ಗುಳಿಗೆ ಬರೆಯುತ್ತಾರೆ. ಆದ್ದರಿಂದ "ಈ ಬೇರಿನಿಂದ ಕೀಲುನೋವು ಕಡಿಮೆ ಆಗ್ತದ" ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ.

ಆದರೆ ಆ ಗುಳಿಗೆಯಲ್ಲಿ ಎಷ್ಟು ಔಷಧ ಇರುತ್ತದೆ ಗೊತ್ತೇ? ಅರ್ಧ ಮಿಲಿಗ್ರಾಂ. ಒಂದು ಗ್ರಾಮಿನ ಎರಡು ಸಾವಿರದ ಒಂದು ಪಾಲು. ಅದನ್ನೂ ಡಾಕ್ಟರು ರೋಗಿಯ ವಯಸ್ಸು, ಮೂತ್ರಪಿಂಡದ ಸ್ಥಿತಿ, ನಡೆಯುತ್ತಿರುವ ಬೇರೆ ಗುಳಿಗೆ ಇವೆಲ್ಲ ನೋಡಿ ಕೊಡುತ್ತಾರೆ. ಸ್ವಲ್ಪ ಹೆಚ್ಚಾದರೂ ಭೇದಿ ಶುರುವಾಗುತ್ತದೆ.

ಈಗ ಗೆಡ್ಡೆಯ ಲೆಕ್ಕ ನೋಡಿ. ಒಣಗಿದ ಗೆಡ್ಡೆಯಲ್ಲಿ ಕೋಲ್ಚಿಸಿನ್ ಸುಮಾರಾಗಿ ನೂರಕ್ಕೆ 0.1ರಿಂದ 0.3 ಭಾಗ ಇರುತ್ತದೆ. ಕಾಣಲು ಒಂದೇ ತರದ, ಒಂದೇ ತೂಕದ ಎರಡು ತುಂಡು ಇದ್ದರೆ, ಒಂದರಲ್ಲಿ ಇನ್ನೊಂದರ ಮೂರು ಪಟ್ಟು ವಿಷ ಇರಬಹುದು. ಮಣ್ಣು, ಋತು, ಗೆಡ್ಡೆಯ ವಯಸ್ಸು ಎಲ್ಲದರಿಂದ ಇದು ಬದಲಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ರುಚಿಯಿಂದ ತಿಳಿಯುವುದಿಲ್ಲ. ಹೋದ ವರ್ಷ ಒಂದು ತುಂಡು ತೇದು ಕುಡಿದವಳಿಗೆ ಏನೂ ಆಗಲಿಲ್ಲ ಎಂದರೆ, ಈ ವರ್ಷ ಅಷ್ಟೇ ತುಂಡು ಕುಡಿದವಳಿಗೆ ಏನೂ ಆಗುವುದಿಲ್ಲ ಎಂದು ಅರ್ಥವಲ್ಲ.

ಕುದಿಸಿದರೆ, ಒಣಗಿಸಿದರೆ ವಿಷ ಹೋಗುತ್ತದೆ ಎಂಬ ಮಾತಿದೆ. ಹೋಗುವುದಿಲ್ಲ. ಆಯುರ್ವೇದದಲ್ಲಿ ಲಾಂಗಲಿಯನ್ನು ಉಪವಿಷಗಳ ಸಾಲಿನಲ್ಲಿ ಸೇರಿಸಿದ್ದಾರೆ. ಗೋಮೂತ್ರದಲ್ಲಿ ನೆನೆಹಾಕಿ ಶುದ್ಧಿ ಮಾಡುವ ಕ್ರಮವನ್ನೂ ಹೇಳಿದ್ದಾರೆ. ಶುದ್ಧಿಯಿಂದ ವಿಷ ಕಡಿಮೆ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಂದರೆ ಆಯುರ್ವೇದ ಬರೆದವರಿಗೇ ಇದರ ಭಯ ಇತ್ತು. ನಮ್ಮ ದೇಶದ 1945ರ ಔಷಧ ನಿಯಮಗಳಲ್ಲಿ ಆಯುರ್ವೇದದ ವಿಷ ದ್ರವ್ಯಗಳ ಒಂದು ಪಟ್ಟಿ ಇದೆ. ಅದರಲ್ಲಿ ಲಾಂಗಲಿ, ವತ್ಸನಾಭಿ, ದತ್ತೂರಿ, ಗುಲಗಂಜಿ, ಎಕ್ಕ ಎಲ್ಲ ಸೇರಿವೆ. ಇವನ್ನು ಹಾಕಿ ತಯಾರಿಸಿದ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧದ ಡಬ್ಬಿಯ ಮೇಲೆ ವೈದ್ಯರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಮುದ್ರಿಸಲೇಬೇಕು. ಸಂತೆಯಲ್ಲಿ ಹಾಳೆಯಲ್ಲಿ ಸುತ್ತಿ ಕೊಟ್ಟ ಪುಡಿಯ ಮೇಲೆ ಏನು ಬರೆದಿರುತ್ತದೆ? ಏನೂ ಇಲ್ಲ.

4. ವಿಷ ದೇಹದಲ್ಲಿ ಮಾಡುವ ಕೆಲಸ

ನಮ್ಮ ದೇಹ ಸಣ್ಣ ಸಣ್ಣ ಜೀವಕೋಶಗಳಿಂದ ಆಗಿದೆ. ಹಳೆಯವು ಸಾಯುತ್ತವೆ, ಹೊಸವು ಹುಟ್ಟುತ್ತವೆ. ಒಂದು ಜೀವಕೋಶ ಎರಡಾಗುವಾಗ ಅದರೊಳಗೆ ನೂಲಿನಂಥ ಎಳೆಗಳು ಎದ್ದು, ಒಳಗಿನ ಸಾಮಾನನ್ನು ಎರಡು ಕಡೆ ಸಮವಾಗಿ ಎಳೆಯುತ್ತವೆ. ಕೋಲ್ಚಿಸಿನ್ ಆ ನೂಲು ಕಟ್ಟಿಕೊಳ್ಳದಂತೆ ಮಾಡುತ್ತದೆ. ಮಗ್ಗದ ನೂಲು ಕಡಿದರೆ ನೇಯ್ಗೆ ನಿಂತ ಹಾಗೆ, ಹೊಸ ಕೋಶ ಹುಟ್ಟುವುದು ನಿಲ್ಲುತ್ತದೆ.

ದೇಹದಲ್ಲಿ ಎಲ್ಲಿ ಕೋಶಗಳು ಬೇಗ ಬೇಗ ಹುಟ್ಟುತ್ತವೋ ಅಲ್ಲಿಗೆ ಮೊದಲ ಪೆಟ್ಟು. ಕರುಳಿನ ಒಳಪದರ, ರಕ್ತ ತಯಾರಾಗುವ ಎಲುಬಿನ ಮಜ್ಜೆ, ಕೂದಲಿನ ಬುಡ. ಬಸುರಿಯ ಹೊಟ್ಟೆಯಲ್ಲಿ ಬೆಳೆಯುವ ಕೂಸು ಎಂದರೆ ಕ್ಷಣಕ್ಷಣಕ್ಕೂ ಹೊಸ ಕೋಶ ಹುಟ್ಟುವ ಜೀವ ಎಂಬುದನ್ನು ಇಲ್ಲಿ ನೆನಪಿಡಬೇಕು.

ವಿಷ ಏರುವುದು ಮೂರು ಹಂತದಲ್ಲಿ:

*ಮೊದಲ ಹಂತ.* ತಿಂದ ಕೂಡಲೇ ಏನೂ ಆಗುವುದಿಲ್ಲ. ಸಾಮಾನ್ಯವಾಗಿ 2ರಿಂದ 12 ತಾಸಿನ ಒಳಗೆ ಬಾಯಿ ಗಂಟಲು ಉರಿ, ಹೊಟ್ಟೆನೋವು, ಜೋರು ವಾಂತಿ, ನೀರಿನಂಥ ಭೇದಿ ಶುರುವಾಗುತ್ತದೆ. ಕೆಲವು ಸಲ ಭೇದಿಯಲ್ಲಿ ರಕ್ತ. ನೋಡಿದವರು ಕಾಲರಾ ಎಂದೋ, ಊಟ ಕೆಟ್ಟಿದೆ ಎಂದೋ ತಿಳಿಯುತ್ತಾರೆ.

*ಎರಡನೇ ಹಂತ.* ಒಂದು ದಿನದ ನಂತರ ವಾಂತಿ ಭೇದಿ ಕಡಿಮೆ ಆದಂತೆ ಕಾಣಬಹುದು. "ಆರಾಮ ಆಗ್ಯಾದ, ಮನಿಗಿ ಹೋಗೋಣ್ರಿ" ಎನ್ನುತ್ತಾರೆ. ನಿಜವಾದ ಅಪಾಯ ಆಗ ಶುರು. ಎರಡು ಮೂರನೇ ದಿನದಿಂದ ಒಂದು ವಾರದವರೆಗೆ ರಕ್ತದ ಕಣಗಳು ಇಳಿಯುತ್ತವೆ, ಮೂತ್ರ ಕಡಿಮೆಯಾಗುತ್ತದೆ, ಉಸಿರಾಟ ಮತ್ತು ಎದೆಬಡಿತಕ್ಕೆ ತೊಂದರೆ ಬರುತ್ತದೆ, ಎಲ್ಲೆಂದರಲ್ಲಿ ರಕ್ತ ಸೋರಬಹುದು. ಸಾವು ಆಗುವುದು ಹೆಚ್ಚಾಗಿ ಈ ದಿನಗಳಲ್ಲೇ.

*ಮೂರನೇ ಹಂತ.* ಉಳಿದುಕೊಂಡವರಿಗೆ ಎರಡನೇ ವಾರದ ಹೊತ್ತಿಗೆ ತಲೆಗೂದಲು ಉದುರುತ್ತದೆ. ಕೆಲವರಿಗೆ ಪೂರಾ ತಲೆ ಬೋಳಾಗುತ್ತದೆ. ಆಮೇಲೆ ಕೂದಲು ಮತ್ತೆ ಬರುತ್ತದೆ.

ಈ ವಿಷ ಇಳಿಸಲು ಆಸ್ಪತ್ರೆಗಳಲ್ಲಿ ಸಿದ್ಧವಾಗಿ ಸಿಗುವ ಪ್ರತಿವಿಷ ಇಲ್ಲ. ಬೇಗ ಹೋದರೆ ಹೊಟ್ಟೆ ತೊಳೆಯುವುದು, ವಿಷ ಹೀರುವ ಇದ್ದಿಲು ಪುಡಿ ಕೊಡುವುದು, ಸಲೈನ್, ರಕ್ತ, ಉಸಿರಾಟದ ಆಸರೆ ಇವುಗಳಿಂದ ದೇಹವನ್ನು ಕಾಪಾಡುತ್ತಾರೆ. ಅದಕ್ಕೇ ಒಂದೊಂದು ತಾಸಿಗೂ ಬೆಲೆ ಇದೆ.

5. ಯಾವ್ಯಾವುದಕ್ಕೆ ಬಳಸುತ್ತಿದ್ದರು? ಈಗ ಏನು ಮಾಡಬೇಕು?

*ಹೆರಿಗೆ ಬೇಗ ಆಗಲೆಂದು.* ಗೆಡ್ಡೆ ಅರೆದು ಬಸುರಿಯ ಹೊಕ್ಕಳಿಗೆ, ಅಂಗೈ ಅಂಗಾಲಿಗೆ ಹಚ್ಚುವ ರೂಢಿ ದೇಶದ ಅನೇಕ ಕಡೆ ಇತ್ತು. ಕೆಲವರು ಹೊಟ್ಟೆಗೂ ಕೊಡುತ್ತಿದ್ದರು. ಇದು ಗರ್ಭಕೋಶವನ್ನು ಬಿಗಿಯುವಂತೆ ಮಾಡಬಹುದು. ಆದರೆ ಆಸ್ಪತ್ರೆಯಲ್ಲಿ ಬೇನೆ ಬರಿಸುವ ಔಷಧ ಕೊಡುವಾಗ ಸಲೈನಿನಲ್ಲಿ ಹನಿ ಎಣಿಸಿ ಕೊಡುತ್ತಾರೆ, ಕೂಸಿನ ಎದೆಬಡಿತ ನೋಡುತ್ತಾರೆ, ಹೆಚ್ಚು ಅನಿಸಿದರೆ ತಕ್ಷಣ ನಿಲ್ಲಿಸುತ್ತಾರೆ. ಹೊಟ್ಟೆಗೆ ಹೋದ ಬೇರನ್ನು ನಿಲ್ಲಿಸುವುದು ಹೇಗೆ? ಕೂಸು ಅಡ್ಡ ಇದ್ದರೆ, ದಾರಿ ಇಕ್ಕಟ್ಟಾಗಿದ್ದರೆ, ಬೇನೆ ಜೋರಾದಷ್ಟೂ ತಾಯಿಯ ಜೀವಕ್ಕೆ ಅಪಾಯ.

ಇದನ್ನು ಹೇಳುವಾಗ ಸೂಲಗಿತ್ತಿಯರನ್ನು ಹಗುರವಾಗಿ ಕಾಣಬಾರದು. ರಸ್ತೆ ಇಲ್ಲದ, ಡಾಕ್ಟರ್ ಇಲ್ಲದ ಕಾಲದಲ್ಲಿ ಅವರ ಕೈಯೇ ಆಸರೆ ಆಗಿತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಕೊಟ್ಟು ಗೌರವಿಸಿತು. ನಮ್ಮ ಊರಿನ ಹಿರಿಯ ಸೂಲಗಿತ್ತಿಯರು ಇಂದು ಬಸುರಿಯ ಜೊತೆ ಆಸ್ಪತ್ರೆಗೆ ಹೋಗಿ ಧೈರ್ಯ ಹೇಳಿದರೆ, ಬಾಣಂತಿಯ ಆರೈಕೆ ಕಲಿಸಿದರೆ ಅದೇ ದೊಡ್ಡ ಸೇವೆ.

*ಬಸಿರು ಇಳಿಸಲೆಂದು.* ಇದು ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಆದರೆ ಸಂಘದಲ್ಲಿ ಅಲ್ಲದೆ ಇನ್ನೆಲ್ಲಿ ಮಾತಾಡುವುದು? ಗೆಡ್ಡೆಯನ್ನು ಕುಡಿಯುವುದು, ತುಂಡನ್ನು ಒಳಗೆ ಇಡುವುದು ಎರಡೂ ಪ್ರಾಣಕ್ಕೆ ಕುತ್ತು. ಒಳಗಿನ ತೆಳು ಚರ್ಮದಿಂದಲೂ ವಿಷ ರಕ್ತಕ್ಕೆ ಹೋಗುತ್ತದೆ. ಜೊತೆಗೆ ಗಾಯ, ನಂಜು, ನಿಲ್ಲದ ರಕ್ತಸ್ರಾವ. ಇಂಥ ಸಂಕಟದಲ್ಲಿ ಒಬ್ಬ ತಂಗಿ ಇದ್ದಾಳೆ ಎಂದು ತಿಳಿದರೆ ಅವಳನ್ನು ಬೈಯಬೇಡಿ, ಆಡಿಕೊಳ್ಳಬೇಡಿ, ಒಬ್ಬಳನ್ನೇ ಬಿಡಬೇಡಿ. ಆಶಾ ಕಾರ್ಯಕರ್ತೆ, ನರ್ಸಕ್ಕ ಅಥವಾ ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ರೋಗಿಯ ಗುಟ್ಟು ಕಾಪಾಡುವುದು ಡಾಕ್ಟರರ ಕರ್ತವ್ಯ. ಈಗಾಗಲೇ ಏನಾದರೂ ತೆಗೆದುಕೊಂಡಿದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಖರೇ ಹೇಳಬೇಕು. ಹೆದರಿ ಮುಚ್ಚಿಟ್ಟರೆ ಅವರು ಬೇರೆಯೇ ರೋಗಕ್ಕೆ ಔಷಧ ಕೊಡುವಂತಾಗುತ್ತದೆ.

*ಮೊಣಕಾಲು, ಕೀಲುನೋವಿಗೆ.* ಒಂದು ಮನೆಯಲ್ಲಿ ಅತ್ತೆ ಸೊಸೆಯ ಮಾತು ಹೀಗೆ ನಡೆಯಿತು ಎಂದು ಇಟ್ಟುಕೊಳ್ಳಿ.

ಅತ್ತೆ: "ಮೊಣಕಾಲ್ ಬ್ಯಾನಿ ತಾಳಲಿಕ್ಕಾಗವಲ್ದು. ಸಂತ್ಯಾಗ ಒಬ್ಬಾಂವ ಬೇರು ಕೊಡ್ತಾನಂತ. ತೇದು ಕುಡೀರಿ, ಎಂಟು ದಿನದಾಗ ಓಡ್ತೀರಿ ಅಂತಾನ."

ಸೊಸೆ: "ಅತ್ತಿ, ಅದು ಯಾವ ಬೇರು ಅಂತ ಕೇಳೀರೇನ್ರಿ?"

ಅತ್ತೆ: "ಹೆಸರು ತಗೊಂಡು ಏನ್ ಮಾಡೋದದ? ನಮ್ಮ ಕಾಲದಾಗ ಎಲ್ಲಾ ಬೇರಿನಿಂದೇ ಆರಾಮ ಆಗ್ತಿತ್ತು."

ಸೊಸೆ: "ನೀವು ಹೇಳೋದು ಖರೇ ಅದ. ಆದ್ರ ಆಗ ಬೇರು ಕೊಡೋರು ನಮ್ಮ ಊರವರೇ ಇದ್ರು. ಏನಾರ ಆದ್ರ ಅವರ ಮನಿ ಬಾಗಿಲಿಗಿ ಹೋಗಿ ಕೇಳಬಹುದಿತ್ತು. ಈತ ನಾಳಿ ಯಾವ ಊರಿಗಿ ಹೋಗ್ತಾನೋ ಯಾರಿಗಿ ಗೊತ್ತದ? ನಿಮಗ ಸಕ್ಕರಿ ಗುಳಿಗಿ, ಬಿ.ಪಿ. ಗುಳಿಗಿ ಬ್ಯಾರೆ ನಡದಾವ. ನಾಳಿ ಮುಂಜಾನಿ ನಾನೇ ದವಾಖಾನಿಗಿ ಕರಕೊಂಡು ಹೋಗ್ತೀನ್ರಿ."

ಈ ಸೊಸೆ ಅತ್ತೆಯ ಮಾತನ್ನು ತೆಗೆದುಹಾಕಲಿಲ್ಲ, ಆದರೆ ಬೇರಿಗೂ ಬಿಡಲಿಲ್ಲ. ಕೇಳಬೇಕಾದ ಪ್ರಶ್ನೆ ಕೇಳಿದಳು. ಎಲ್ಲಾ ಮೊಣಕಾಲು ನೋವೂ ಗೌಟ್ ಅಲ್ಲ. ವಯಸ್ಸಾದ ಮೇಲೆ ಕೀಲು ಸವೆದು ಬರುವ ನೋವಿಗೆ ಈ ಬೇರಿನಿಂದ ಉಪಯೋಗ ಇಲ್ಲ, ಅಪಾಯ ಮಾತ್ರ ಪೂರಾ ಇದೆ. ವಯಸ್ಸಾದವರಿಗೆ ಮೂತ್ರಪಿಂಡ ದುರ್ಬಲ ಇದ್ದರೆ ವಿಷ ದೇಹದಿಂದ ಹೊರಗೆ ಹೋಗುವುದೂ ತಡ. ನೋವಿಗೆ ಬಿಸಿನೀರ ಶಾಖ, ಎಣ್ಣೆ ತಿಕ್ಕುವುದು, ಡಾಕ್ಟರ್ ಹೇಳಿದ ವ್ಯಾಯಾಮ ಇವು ಸಾಕಷ್ಟು ಆರಾಮ ಕೊಡುತ್ತವೆ.

*ಹಾವು, ಚೇಳು ಕಡಿತಕ್ಕೆ.* ಗೆಡ್ಡೆ ತೇದು ಹಚ್ಚುವ, ಕುಡಿಸುವ ರೂಢಿ ಇದೆ. ಹಾವಿನ ವಿಷಕ್ಕೆ ಆಸ್ಪತ್ರೆಯ ಪ್ರತಿವಿಷ ಇಂಜೆಕ್ಷನ್ ಒಂದೇ ಮದ್ದು. ಬೇರು ಕುಡಿಸಿದರೆ ಹಾವಿನ ವಿಷದ ಮೇಲೆ ಇನ್ನೊಂದು ವಿಷ ಹಾಕಿದಂತೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶ ಮಾಡಿದೆ. ಹೊಲದಲ್ಲಿ ಹಾವು ಕಡಿದರೆ ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಹೋಗಬೇಕು.

6. ಗೆಣಸು ಎಂದು ತಿಳಿದು ತಿನ್ನುವ ಅಪಾಯ

ಔಷಧಕ್ಕೆಂದು ಅಲ್ಲದೆ, ಗೊತ್ತಿಲ್ಲದೆ ತಿಂದೂ ವಿಷವೇರುತ್ತದೆ. ಶ್ರೀಲಂಕಾದಲ್ಲಿ ಈ ಗೆಡ್ಡೆಯನ್ನು ಗೆಣಸು ಎಂದು ತಿಳಿದು ಬೇಯಿಸಿ ತಿಂದು ಆಸ್ಪತ್ರೆ ಸೇರಿದ ಪ್ರಸಂಗಗಳನ್ನು ವೈದ್ಯರು ದಾಖಲಿಸಿದ್ದಾರೆ. ಆದ್ದರಿಂದ ಅಡವಿಯಲ್ಲಿ, ಬದುವಿನಲ್ಲಿ ತಾನಾಗಿ ಬೆಳೆದ ಗೆಡ್ಡೆಯನ್ನು ಖಚಿತವಾಗಿ ಗುರುತಿಲ್ಲದೆ ಅಡುಗೆಗೆ ತರಬಾರದು.

ಮಕ್ಕಳ ಬಗ್ಗೆಯೂ ಎಚ್ಚರ ಬೇಕು. ಕೆಂಪು ಬೀಜ ಕಂಡರೆ ಮಕ್ಕಳು ಬಾಯಿಗೆ ಹಾಕುತ್ತಾರೆ. ಗುಲಗಂಜಿ ಬೀಜವೂ ಹಾಗೆಯೇ ವಿಷ. ಶಾಲೆಗೆ ಹೋಗುವ ಮಕ್ಕಳಿಗೆ ಬೇಲಿಯಲ್ಲೇ ಬಳ್ಳಿ ತೋರಿಸಿ, "ಇದು ನೋಡಲಿಕ್ಕ ಅಷ್ಟೇ, ಬಾಯಾಗ ಹಾಕಬಾರದು" ಎಂದು ಹೇಳಿಕೊಡಿ. ಅಂಗಳದ ಹತ್ತಿರ ಬೆಳೆದಿದ್ದರೆ ಗೆಡ್ಡೆ ಸಮೇತ ತೆಗೆದು ದೂರ ಹೂಳಿ. ಕೈಗೆ ಚೀಲ ಕಟ್ಟಿಕೊಂಡು ಕೆಲಸ ಮಾಡಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಅದನ್ನು ಕತ್ತರಿಸಿದ ಚಾಕು ಅಡುಗೆಮನೆಗೆ ಬರಬಾರದು.

7. "ಗೆಡ್ಡೆ ತಂದು ಕೊಟ್ರ ರೊಕ್ಕ ಕೊಡ್ತೀವಿ" ಎಂದರೆ?

ಔಷಧ ಕಂಪನಿಗಳಿಗೆ ಕೋಲ್ಚಿಸಿನ್ ಬೇಕು. ತಮಿಳುನಾಡಿನಲ್ಲಿ ರೈತರು ಅಗ್ನಿಶಿಖೆಯನ್ನು ಹಂದರದ ಮೇಲೆ ಹಬ್ಬಿಸಿ ಬೆಳೆಯುತ್ತಾರೆ, ಬೀಜ ಮಾರುತ್ತಾರೆ. ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಕೆಲಸವನ್ನು ಅಲ್ಲಿ ಹೆಚ್ಚಾಗಿ ಹೆಂಗಸರು ಕೈಯಿಂದಲೇ ಮಾಡುತ್ತಾರೆ. ಅದು ಹೊಲದಲ್ಲಿ ಬೆಳೆದ ಬೆಳೆ.

ಕಾಡಿನಿಂದ ಅಗೆದು ತರುವುದು ಬೇರೆ ಮಾತು. ನಮ್ಮ ಜಿಲ್ಲೆಯ ಚಿಂಚೋಳಿ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮ ಎಂದು ಘೋಷಿಸಿದ್ದಾರೆ. ಅಂಥ ಕಾಡಿನಿಂದ ಗೆಡ್ಡೆ ಬೇರು ಅಗೆದು ತಂದರೆ ಕೇಸು ಆಗುತ್ತದೆ. ಗೆಡ್ಡೆ ತೆಗೆದರೆ ಬಳ್ಳಿಯ ಸಂತಾನವೂ ಮುಗಿಯುತ್ತದೆ. ದಲ್ಲಾಳಿ ರೊಕ್ಕ ಕೊಟ್ಟು ಹೋಗುತ್ತಾನೆ. ವಿಷದ ಮೂಟೆ ಮನೆಯಲ್ಲಿ, ಜೋಳದ ಚೀಲದ ಪಕ್ಕ, ಮಕ್ಕಳ ಕೈಗೆ ಸಿಗುವಂತೆ ಇರುವುದು ನಮ್ಮ ಪಾಲಿಗೆ. ಸಂಘದ ಆದಾಯಕ್ಕೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ, ರೊಟ್ಟಿ, ಚಟ್ನಿಪುಡಿಗೆ ಗಿರಾಕಿ ಇರುವ ಕಲಬುರಗಿಯಲ್ಲಿ ಇದಕ್ಕಿಂತ ಒಳ್ಳೆಯ ದಾರಿಗಳಿವೆ. ಯಾರಾದರೂ ಈ ಬೆಳೆ ಬೆಳೆಯುವ ಒಪ್ಪಂದ ತಂದರೆ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸದೆ, ಕಾಗದದಲ್ಲಿ ಬರೆಸಿಕೊಳ್ಳದೆ ಒಪ್ಪಬೇಡಿ.

8. ಯಾರಾದರೂ ತಿಂದಿದ್ದು ತಿಳಿದರೆ

1. ವಾಂತಿ ಭೇದಿ ಶುರುವಾಗಲಿ ಎಂದು ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಹೊರಡಿ.

2. ಉಪ್ಪುನೀರು, ಹುಣಸೆನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಗಂಟಲಲ್ಲಿ ಬೆರಳು ಹಾಕಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.

3. ಉಳಿದ ಬೇರು, ಪುಡಿ, ಸುತ್ತಿದ ಹಾಳೆ, ಸಿಕ್ಕರೆ ಬಳ್ಳಿಯ ಎಲೆ ಹೂವು ಒಂದು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ. "ವಾಂತಿ ಭೇದಿ" ಎಂದಷ್ಟೇ ಹೇಳದೆ "ಈ ಬೇರು ತಿಂದಾರ" ಎಂದು ತೋರಿಸಿ. ಲಾಂಗಲಿ, ಅಗ್ನಿಶಿಖೆ, ಕೋಲ್ಚಿಸಿನ್ ಈ ಮೂರು ಹೆಸರಲ್ಲಿ ಒಂದಾದರೂ ಹೇಳಿ.

4. ಎಷ್ಟು ಗಂಟೆಗೆ ತಿಂದರು, ಎಷ್ಟು ತಿಂದರು, ಬಸುರಿಯೋ, ಬೇರೆ ಯಾವ ಗುಳಿಗೆ ನಡೆದಿದೆ ಎಂದು ಹೇಳಿ.

5. ಕಮಲಾಪುರ ಕಡೆಯವರು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆ ಮಾಡಿಸಿ, ಡಾಕ್ಟರ್ ಹೇಳಿದರೆ ತಡಮಾಡದೆ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಶಹರದವರು ನೇರ ಜಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೇ ಹೋಗಬಹುದು.

6. ವಾಂತಿ ನಿಂತಿತೆಂದು ರೋಗಿಯನ್ನು ಹಟ ಮಾಡಿ ಮನೆಗೆ ಕರೆತರಬೇಡಿ. ಎರಡನೇ ಹಂತ ನೆನಪಿರಲಿ. ಡಾಕ್ಟರ್ ಬಿಡುವವರೆಗೆ ಇರಬೇಕು.

7. ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ. ಅದರ ಉಚಿತ ನಂಬರ್ 1800 116 117. ಡಾಕ್ಟರರೂ ಇಲ್ಲಿ ಸಲಹೆ ಕೇಳಬಹುದು. ಆದರೆ ಫೋನ್ ಮಾಡುತ್ತಾ ಮನೆಯಲ್ಲಿ ಕೂಡಬೇಡಿ, ದಾರಿಯಲ್ಲಿ ಮಾಡಿ.

9. ಹಾಗಾದರೆ ಮನೆಮದ್ದೇ ಬೇಡವೇ?

ಹಾಗಲ್ಲ. ಕೆಮ್ಮಿಗೆ ತುಳಸಿ, ಶುಂಠಿ ಕಷಾಯ, ಅಜೀರ್ಣಕ್ಕೆ ಅಜವಾನ, ಜೀರಿಗೆ, ಬಾಣಂತಿಗೆ ಬೆಳ್ಳುಳ್ಳಿ, ಮೆಂತ್ಯ ಇವೆಲ್ಲ ನಮ್ಮ ಅಡುಗೆಮನೆಯ ಸಾಮಾನು. ಸ್ವಲ್ಪ ಹೆಚ್ಚು ಕಡಿಮೆ ಆದರೂ ಜೀವಕ್ಕೆ ಕುತ್ತಿಲ್ಲ. ದಿನಾ ಊಟದಲ್ಲಿ ತಿನ್ನುವ ವಸ್ತುವಿಗೂ, ದನ ಕೂಡ ತಿಂದು ಸಾಯುವ ಗೆಡ್ಡೆಗೂ ವ್ಯತ್ಯಾಸ ಇದೆ. ಆಯುರ್ವೇದದ ಚಿಕಿತ್ಸೆ ಬೇಕೆಂದರೆ ಓದಿ ನೋಂದಣಿ ಆದ ವೈದ್ಯರು, ಸರ್ಕಾರಿ ಆಯುಷ್ ಚಿಕಿತ್ಸಾಲಯಗಳು ಇವೆ. ಅಲ್ಲಿ ಕೊಟ್ಟ ಔಷಧಕ್ಕೆ ಹೆಸರು, ಅಳತೆ, ಚೀಟಿ ಇರುತ್ತದೆ. ಏನಾದರೂ ಆದರೆ ಹೋಗಿ ಕೇಳಲು ಒಬ್ಬ ಮನುಷ್ಯ ಇರುತ್ತಾನೆ.

ಯಾವುದೇ ಬೇರು, ಪುಡಿ, ಗುಳಿಗೆ ಕೈಗೆ ಬಂದಾಗ ಈ ಮೂರು ಪ್ರಶ್ನೆ ಕೇಳಿ: ಇದರ ಹೆಸರೇನು? ಎಷ್ಟು ಅಳತೆ? ತೊಂದರೆ ಆದರೆ ಕೊಟ್ಟವರು ನಾಳೆ ಎಲ್ಲಿ ಸಿಗುತ್ತಾರೆ? ಮೂರಕ್ಕೂ ಉತ್ತರ ಸಿಗದಿದ್ದರೆ ಬಾಯಿಗೆ ಹಾಕಬೇಡಿ.

ಸಭೆಯಲ್ಲಿ ಚರ್ಚೆಗೆ

1. ನಮ್ಮ ಊರಿನಲ್ಲಿ, ಓಣಿಯಲ್ಲಿ ಈ ಬಳ್ಳಿಗೆ ಏನು ಹೆಸರು? ಎಲ್ಲಿ ಬೆಳೆಯುತ್ತದೆ? ಹಿರಿಯ ಸದಸ್ಯೆಯರು ಹೇಳಲಿ, ಎಲ್ಲರೂ ಕೇಳಲಿ.

2. ವಾಂತಿ ಭೇದಿ ನಿಂತ ಮೇಲೂ ರೋಗಿಯನ್ನು ಆಸ್ಪತ್ರೆಯಲ್ಲೇ ಇರಿಸಬೇಕು ಯಾಕೆ? ಒಬ್ಬರು ತಮ್ಮ ಮಾತಿನಲ್ಲಿ ವಿವರಿಸಲಿ.

3. ಮನೆಯ ಹಿರಿಯರು ಬೇರು ಕುಡಿಯುತ್ತೇನೆ ಎಂದರೆ, ಅವರ ಮನಸ್ಸು ನೋಯದಂತೆ ಹೇಗೆ ತಡೆಯುತ್ತೀರಿ? ಇಬ್ಬರು ಸದಸ್ಯೆಯರು ಅತ್ತೆ ಸೊಸೆಯಾಗಿ ಮಾತಾಡಿ ತೋರಿಸಲಿ.

4. ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಬೇಕಾದರೆ ನಮ್ಮ ಓಣಿಯಲ್ಲಿ ಯಾರ ಗಾಡಿ ಇದೆ? ತುರ್ತು ಖರ್ಚಿಗೆ ಸಂಘದ ಹಣದಿಂದ ಎಷ್ಟು, ಯಾರ ಸಹಿಯಿಂದ ತೆಗೆಯಬಹುದು?

ಮಾಡಬೇಕಾದ ಕೆಲಸ

ಮುಂದಿನ ಸಭೆಯ ಒಳಗೆ ಪ್ರತಿ ಸದಸ್ಯೆ ತನ್ನ ಮನೆಯ ಡಬ್ಬಿ, ಗಂಟು, ಚೀಲದಲ್ಲಿ ಹೆಸರು ಗೊತ್ತಿಲ್ಲದ ಬೇರು ಪುಡಿ ಇದೆಯೇ ನೋಡಬೇಕು. ಇದ್ದರೆ ಮಕ್ಕಳಿಗೆ, ದನಕ್ಕೆ ಸಿಗದಂತೆ ಆಳವಾಗಿ ಹೂಳಬೇಕು. ಓಣಿಯ ಪ್ರತಿ ಬಸುರಿಯ ತಾಯಿ ಕಾರ್ಡ್ ಆಗಿದೆಯೇ, ಹೆರಿಗೆ ಯಾವ ಆಸ್ಪತ್ರೆಯಲ್ಲಿ ಎಂದು ಮನೆಯವರು ನಿರ್ಧರಿಸಿದ್ದಾರೆಯೇ ಎಂದು ಆಶಾ ಕಾರ್ಯಕರ್ತೆಯ ಜೊತೆ ಕೂಡಿ ವಿಚಾರಿಸಬೇಕು. ಸಂಘದ ನಡಾವಳಿ ಪುಸ್ತಕದ ಹೊದಿಕೆಯ ಒಳಭಾಗದಲ್ಲಿ 108, ವಿಷ ಮಾಹಿತಿ ಕೇಂದ್ರದ ನಂಬರ್, ಆಶಾ ಕಾರ್ಯಕರ್ತೆಯ ಮತ್ತು ಗಾಡಿಯವರ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಓದಲು ಬಾರದ ಸದಸ್ಯೆಯರಿಗೆ ಓದಿ ಹೇಳಿ. ಅವರ ಮನೆಗೂ ಈ ಮಾತು ಮುಟ್ಟಬೇಕು.